ಲಾಕ್‌ಟೈಟೂ ಬೈಕಿನ ಪ್ಲಾಸ್ಟಿಕ್ಕೂ

ಈ ಸಲ ಸೊಪ್ಪಿನ ಸಾರಿನ ವಿಷ್ಯ ಇಲ್ಲ, ರಾಗಿ ಹಪ್ಪಳದ್ದೂ ಇಲ್ಲ. ಬೈಕಿನ ಸ್ಕ್ರೂ ವಿಷ್ಯ ಬರೀತಿದೀನಿ. "ಅದು ಗಂಡಸ್ರ ಕೆಲ್ಸ ಕನವ್ವ, ನಮಗ್ಯಾಕೆ" ಅಂತ ಅರ್ಧಕ್ಕೆ ಬಿಟ್ಟು ಹೋಗ್ಬೇಡಿ. ನಮ್ಮ ಸುತ್ತಿನ ಹಳ್ಳಿಗಳಿಂದ ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗೋ ಹೆಣ್ಮಕ್ಕಳು ಎಷ್ಟೊಂದು ಜನ ಈಗ ಗಾಡಿ ಮೇಲೇ ಹೋಗೋದು. ಒಬ್ಬರು ಗಂಡನ ಹಿಂದೆ ಕೂತು ಹೋಗ್ತಾರೆ, ಇನ್ನೊಬ್ಬರು ತಾವೇ ಓಡಿಸ್ಕೊಂಡು ಹೋಗ್ತಾರೆ. ಗಾಡಿ ಕೈ ಕೊಟ್ರೆ ಹಾಜರಿ ಹೋಯ್ತು. ಗಾಡಿಗೆ ಏನಾರ ಆದ್ರೆ ಮೊದಲು ಬೈಸ್ಕೊಳ್ಳೋದು ಯಾರು ಅನ್ನೋದೂ ನಿಮಗೆ ಗೊತ್ತು. ಅದ್ಕೇ ಬರೀತಿದೀನಿ.

ನಾನು ಕೆಲಸ ಮಾಡೋದು ಜೋಡಣೆ ಲೈನಲ್ಲಿ. ಹಾರೋಹಳ್ಳೀಲಿ ಏನುಂಟು ಏನಿಲ್ಲ. ಪಿಜನ್ ಹೆಸರಿನ ಕುಕ್ಕರು, ಒಲೆ ಮಾಡೋ ಸ್ಟೋವ್‌ಕ್ರಾಫ್ಟ್ ಇರೋದೂ ಇಲ್ಲೇ. ಕಾರ್ಖಾನೆ ಯಾವುದೇ ಆಗ್ಲಿ, ಸಾಮಾನು ಜೋಡಿಸೋ ಕಡೆ ಯಾರೋ ಒಬ್ರು ದಿನವಿಡೀ ಸ್ಕ್ರೂ ಬಿಗೀತಾ ನಿಂತಿರ್ತಾರೆ. ನಮ್ಮ ಶೆಡ್ಡಲ್ಲಿ ಆ ಒಬ್ರು ನಾನು. ನನ್ನ ಮೇಜಿನ ಮೇಲೆ ಒಂದು ಪುಟ್ಟ ಸೀಸೆ ಇರ್ತದೆ. ಅದರೊಳಗೆ ನೀಲಿ ಬಣ್ಣದ ಅಂಟು. ಕಂಪನಿ ಯಾವುದಾದ್ರೂ ಎಲ್ಲರೂ ಅದನ್ನ ಲಾಕ್‌ಟೈಟು ಅಂತ್ಲೇ ಕರೀತಾರೆ, ಸೋಪಿನ ಪುಡಿಗೆಲ್ಲ ಸರ್ಫು ಅಂತೀವಲ್ಲ ಹಂಗೆ. ಬೋಲ್ಟಿನ ಸುತ್ತುಗಳ ಮೇಲೆ ಒಂದು ತೊಟ್ಟು ಹಾಕಿ ಬಿಗಿದ್ರೆ ಮಿಷಿನ್ನು ಎಷ್ಟೇ ಅದುರಿದ್ರೂ ಬೋಲ್ಟು ಸಡಿಲ ಆಗಲ್ಲ. ಬೇಕಾದಾಗ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಬಿಚ್ಕೊಳ್ತದೆ.

ಇದೀಗ ಹಾರ್ಡ್‌ವೇರ್ ಅಂಗಡೀಲಿ, ಸ್ಪೇರ್ ಪಾರ್ಟ್ಸ್ ಅಂಗಡೀಲಿ ಎಲ್ಲ ಸಿಗ್ತದೆ. ಹಂಗಾಗಿ ಮನೆಗೂ ಬಂದುಬಿಟ್ಟೈತೆ. ನಮ್ಮನೇಗೆ ಬಂದಿದ್ದು ಸೀರೆ ಗಾರ್ಡಿನ ದೆಸೆಯಿಂದ.

ಸೀರೆ ಗಾರ್ಡು ಅಂದ್ರೆ ಬೈಕಿನ ಎಡಗಡೆ ಹಿಂದಿನ ಚಕ್ರಕ್ಕೆ ಅಡ್ಡ ಇರೋ ಕಂಬಿ ಜಾಲರಿ. ಅದು ಅಲಂಕಾರಕ್ಕಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 123ನೇ ನಿಯಮ ಅಂತ ಐತೆ. ಹಿಂದೆ ಕೂತೋರಿಗೆ ಹಿಡ್ಕೊಳ್ಳೋಕೆ ಹಿಡಿ ಇರ್ಬೇಕು, ಕಾಲು ಮಡಗೋಕೆ ಜಾಗ ಇರ್ಬೇಕು, ಅವರ ಬಟ್ಟೆ ಚಕ್ರಕ್ಕೆ ಸಿಗದಂಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಮುಚ್ಚಿರ್ಬೇಕು ಅಂತ ಅದು ಹೇಳ್ತದೆ. ಸೆರಗೋ ದುಪಟ್ಟಾನೋ ಚಕ್ರಕ್ಕೆ ಸಿಕ್ಕಿ ಬಿದ್ದ ಸುದ್ದಿ ನಾವೆಲ್ಲ ಕೇಳಿದ್ದೀವಿ. ಹಂಪಿನ ಮೇಲೆ ಹಂಪು ಹತ್ತಿಸಿ ಇಳಿಸಿ ನಮ್ಮ ಗಾಡಿಯ ಗಾರ್ಡಿನ ಬೋಲ್ಟು ಸಡಿಲ ಆಗಿ ಗಡಗಡ ಅಂತಿತ್ತು. ಮೈದುನ ಒಂದು ಭಾನುವಾರ ಅಂಗಡಿಯಿಂದ ನೀಲಿ ಅಂಟು ತಂದು ಗಾರ್ಡಿಗೆ ಹಾಕಿದ. ಅಲ್ಲಿಗೇ ನಿಲ್ಲಿಸಿದ್ರೆ ಚೆಂದಿತ್ತು. ಕೈಯಲ್ಲಿ ಸೀಸೆ ಇತ್ತು, ಬಿಸಿಲೂ ಇರ್ಲಿಲ್ಲ. ಮುಂದಿನ ಹೆಡ್‌ಲೈಟಿನ ಡೂಮ್ ಹಿಡಿದಿರೋ ನಾಲ್ಕು ಸ್ಕ್ರೂಗೂ, ಬಲಗಡೆ ಸೈಡ್ ಪ್ಯಾನೆಲ್ಲಿನ ಸ್ಕ್ರೂಗೂ ಧಾರಾಳವಾಗಿ ಹಾಕಿ ಬಿಗಿದುಬಿಟ್ಟ.

ಮೂರು ದಿನ ಬಿಟ್ಟು, ಬುಧವಾರ, ನನ್ನ ಓರಗಿತ್ತಿ ಆ ಗಾಡಿ ತಗೊಂಡು ಮೊದಲ ಶಿಫ್ಟಿಗೆ ಹೋಗಿದ್ಲು. ಅವಳು ಗೇರ್ ಗಾಡಿ ಓಡಿಸೋದು ಕಲಿತು ಒಂದು ವರ್ಷ ಆಗಿಲ್ಲ. ಬೀದೀಲಿ ಅದರದ್ದೇ ಒಂದು ಮಾತು. ಸಾಯಂಕಾಲ ಗಾಡಿ ನಿಲ್ಲಿಸಿ ಒಳಗೆ ಬಂದ್ಲು. ಮೈದುನ ಗಾಡಿ ಒರೆಸೋಕೆ ಹೋದೋನು ಅಲ್ಲಿಂದ್ಲೇ ಕೂಗಿದ. ಡೂಮ್ ಬಿರುಕು ಬಿಟ್ಟಿತ್ತು. ಒಂದು ಕಡೆ ಕೈ ಮುಟ್ಟಿದ್ರೆ ಚೂರು ಉದುರಿ ಬರ್ತಿತ್ತು.

"ಎಲ್ಲಿ ಬೀಳಿಸ್ದೆ?" ಅಂದ.

"ನಾನೆಲ್ಲೂ ಬೀಳಿಸಿಲ್ಲ" ಅಂದ್ಲು.

ಅತ್ತೆ ಒಳಗಿಂದ್ಲೇ, "ಬಿದ್ರೆ ಬಿದ್ದೆ ಅಂತ ಹೇಳವ್ವ, ಪೆಟ್ಟಾಗದಿದ್ರೆ ಸಾಕು. ಸುಳ್ಳ್ಯಾಕೆ ಹೇಳೀಯೆ" ಅಂದ್ರು. ಅತ್ತೆ ಅದನ್ನ ಅಂತಃಕರಣದಿಂದ್ಲೇ ಅಂದಿದ್ದು. ಆದ್ರೆ ಅವಳಿಗೆ ಬೈಗುಳಕ್ಕಿಂತ ಜಾಸ್ತಿ ನಾಟಿದ್ದು ಆ ಮಾತೇ. ಮಾರನೇ ದಿನದಿಂದ ಕೀಲಿ ಮೊಳೆಯಿಂದ ಮಾಯ. ಅವಳು ಬೆಳಿಗ್ಗೆ ಆರಕ್ಕೆ ಗೇಟಲ್ಲಿರ್ಬೇಕು ಅಂತ ಕತ್ತಲಲ್ಲೇ ಎದ್ದು ಬಸ್ಸಿಗೆ ಕಾದು ಹೋದ್ಲು. ಒಂದು ದಿನ ಬಸ್ಸು ತಡ ಆಗಿ ಅರ್ಧ ದಿನದ ಹಾಜರಿ ಹೋಯ್ತು. ನನ್ನ ಹತ್ರ ಬಂದು, "ಅಕ್ಕ, ನೀನಾದ್ರೂ ನಂಬ್ತೀಯಾ?" ಅಂತ ಕೇಳಿದ್ಲು.

ನಂಬೋದು ಬಿಡೋದು ಆಮೇಲೆ, ಮೊದಲು ಬಿರುಕು ನೋಡಣ ಬಾ ಅಂದೆ. ಟಾರ್ಚ್ ಹಿಡ್ಕೊಂಡು ಇಬ್ಬರೂ ಗಾಡಿ ಮುಂದೆ ಕುಕ್ಕರಗಾಲಲ್ಲಿ ಕೂತ್ವಿ.

ಬಿದ್ದ ಗಾಡಿ ಅಂದ್ರೆ ಮೊದಲು ನೆಲಕ್ಕೆ ತಾಗೋದು ಹ್ಯಾಂಡಲಿನ ತುದಿ, ಕ್ಲಚ್ಚು ಬ್ರೇಕಿನ ಲಿವರ್ ತುದಿ, ಕಾಲಿಡೋ ಫುಟ್‌ರೆಸ್ಟು, ಇಂಡಿಕೇಟರು. ಅಲ್ಲಿ ಎಲ್ಲಾದ್ರೂ ತರಚಿದ ಗುರುತು ಇರ್ಲೇಬೇಕು. ನಮ್ಮ ಗಾಡೀಲಿ ಎರಡೂ ಕಡೆ ಎಲ್ಲೂ ಒಂದು ಗೀರಿರ್ಲಿಲ್ಲ. ಬಿದ್ದ ಗಾಡಿ ಒಂದು ಮಗ್ಗುಲಿಗೆ ಬೀಳ್ತದೆ, ಹಂಗಾಗಿ ಬಿರುಕೂ ಒಂದು ಕಡೆಗೇ ಜಾಸ್ತಿ ಇರ್ತದೆ. ಇಲ್ಲಿ ನೋಡಿದ್ರೆ ಎಡಕ್ಕೆ ಎರಡು, ಬಲಕ್ಕೆ ಎರಡು, ನಾಲ್ಕೂ ಸ್ಕ್ರೂ ತೂತಿಂದ್ಲೇ ಬಿರುಕು ಶುರು. ಸ್ಕ್ರೂ ಸುತ್ತ ಜೇಡನ ಕಾಲಿನಂಗೆ ಸಣ್ಣ ಸಣ್ಣ ಗೆರೆ, ಆಮೇಲೆ ಅದರಲ್ಲೊಂದು ಉದ್ದಕ್ಕೆ ಸೀಳಿಕೊಂಡು ಹೋಗಿತ್ತು. ಸೈಡ್ ಪ್ಯಾನೆಲ್ ಬಿಚ್ಚಿ ನೋಡಿದ್ವಿ. ಸ್ಕ್ರೂ ಇದ್ದ ಕಡೆ ಅದೇ ತರ ಗೆರೆ. ಬರೀ ರಬ್ಬರ್ ಬುಷ್‌ಗೆ ಒತ್ತಿ ಕೂರಿಸೋ ಇನ್ನೆರಡು ಕಡೆ ಏನೂ ಇಲ್ಲ. ಸ್ಕ್ರೂ ತೂತಿನ ಒಳಗೆ ಬೆರಳಿಟ್ರೆ ನೀಲಿ ಅಂಟು ಇನ್ನೂ ಹಸಿಯಾಗೇ ಇತ್ತು. ನಾಲ್ಕು ದಿನದ ಹಿಂದೆ ಹಾಕಿದ ಅಂಟು!

ಅದು ಯಾಕೆ ಹಸಿಯಾಗಿತ್ತು ಅನ್ನೋದೇ ಇದ್ರಲ್ಲಿರೋ ಗುಟ್ಟು. ಒಸಿ ತಾಳ್ಮೆಯಿಂದ ಓದಿ.

ಅಂಟುಗಳು ಒಂದೊಂದೂ ಒಂದೊಂದು ರೀತಿ ಗಟ್ಟಿ ಆಗ್ತವೆ. ಚನ್ನಪಟ್ಟಣದ ಬೊಂಬೆಗೆ ಹಚ್ಚೋ ಅರಗು ಬಿಸಿಗೆ ಕರಗಿ ತಣ್ಣಗಾದ್ರೆ ಗಟ್ಟಿ. ಮರಕ್ಕೆ ಹಾಕೋ ಬಿಳಿ ಫೆವಿಕಾಲು ನೀರು ಆರಿದ್ರೆ ಗಟ್ಟಿ. ಫೆವಿಕ್ವಿಕ್ಕು ಗಾಳಿಯಲ್ಲಿರೋ, ನಮ್ಮ ಬೆರಳಲ್ಲಿರೋ ತೇವ ಕುಡಿದು ಗಟ್ಟಿ. ಅದ್ಕೇ ಅದು ಬೆರಳಿಗೆ ಅಷ್ಟು ಬೇಗ ಹಿಡ್ಕೊಳ್ಳೋದು. ಲಾಕ್‌ಟೈಟು ಇವೆಲ್ಲದಕ್ಕೂ ಉಲ್ಟಾ. ಅದಕ್ಕೆ ಗಾಳಿ ಇರ್ಬಾರ್ದು, ಕಬ್ಬಿಣವೋ ಹಿತ್ತಾಳೆಯೋ ಪಕ್ಕದಲ್ಲಿರ್ಬೇಕು. ಬೋಲ್ಟೂ ನಟ್ಟೂ ಬಿಗಿಯಾಗಿ ಕೂತಾಗ ಸುತ್ತುಗಳ ಸಂದೀಲಿ ಗಾಳಿ ಇರಲ್ಲ, ಎರಡೂ ಕಡೆ ಲೋಹ. ಆಗ ಹತ್ತಿಪ್ಪತ್ತು ನಿಮಿಷದಲ್ಲಿ ಹಿಡೀತದೆ, 24 ಗಂಟೇಲಿ ಪೂರ್ತಿ ಗಟ್ಟಿ ಆಗ್ತದೆ. ನಟ್ಟಿನಿಂದ ಆಚೆ ಸೋರಿದ್ದು ಗಾಳಿಗೆ ಸಿಕ್ಕಿ ಹಂಗೇ ಹಸಿಯಾಗಿ ಉಳೀತದೆ. ಅಂಗಡೀಲಿ ಹೊಸ ಸೀಸೆ ತಗೊಂಡ್ರೂ ಅದು ತುಂಬಿರಲ್ಲ ನೋಡಿ, ಮೋಸ ಅಂದ್ಕೋಬೇಡಿ. ಒಳಗೆ ಗಾಳಿ ಇರ್ಲಿ ಅಂತ್ಲೇ ಜಾಗ ಬಿಟ್ಟಿರ್ತಾರೆ. ಗಾಳಿ ಇಲ್ದಿದ್ರೆ ಸೀಸೆಯೊಳಗೇ ಕಲ್ಲಾಗ್ತದೆ.

ಇದನ್ನ 1953ರಲ್ಲಿ ಮಾಡಿದೋರು ಅಮೆರಿಕದ ಹಾರ್ಟ್‌ಫರ್ಡ್ ಊರಲ್ಲಿ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು, ವರ್ನನ್ ಕ್ರೀಬಲ್ ಅಂತ. ಲಾಕ್‌ಟೈಟ್ ಅನ್ನೋ ಹೆಸರು ಇಟ್ಟೋರು ಅವರ ಸೊಸೆ, ನ್ಯಾನ್ಸಿ. ಇದನ್ನ ಓದಿದ ದಿನ ನನಗೆ ಒಳ್ಳೇ ಖುಷಿ ಆಗಿತ್ತು. ಈಗ ಆ ಹೆಸರು ಜರ್ಮನಿಯ ಹೆಂಕೆಲ್ ಕಂಪನೀದು.

ಸರಿ, ಪ್ಲಾಸ್ಟಿಕ್ಕಿಗೆ ಬರಣ. ಸ್ಕ್ರೂ ಪ್ಲಾಸ್ಟಿಕ್ಕಿನ ತೂತಲ್ಲಿ ಹಾದು ಹೋಗುವಾಗ ಅಂಟು ಅದಕ್ಕೂ ಮೆತ್ತಿಕೊಳ್ತದೆ. ಪ್ಲಾಸ್ಟಿಕ್ಕಲ್ಲಿ ಲೋಹ ಇಲ್ಲ. ಅಂಟು ಗಟ್ಟಿ ಆಗಲ್ಲ, ಹಸಿಯಾಗಿ ಅಲ್ಲೇ ಕೂತಿರ್ತದೆ. ಸುಮ್ನೆ ಕೂತಿದ್ರೆ ಪರವಾಗಿಲ್ಲ, ಒಳಗೆ ಇಳೀತದೆ. ಪ್ಲಾಸ್ಟಿಕ್ ಅಂದ್ರೆ ಉದ್ದುದ್ದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರೋದು. ಬಿಗಿಯಾಗಿ ಹೆಣೆದ ಜಡೆ ಅಂದ್ಕೊಳ್ಳಿ. ಜಡೆಗೆ ಎಣ್ಣೆ ಜಾಸ್ತಿ ಆದ್ರೆ ಎಳೆ ಜಾರ್ತದಲ್ಲ, ಹಂಗೇ ಈ ಹಸಿ ಅಂಟು ಆ ಎಳೆಗಳ ಮಧ್ಯೆ ಹೋಗಿ ಹಿಡಿತ ಸಡಿಲಿಸ್ತದೆ. ಸ್ಕ್ರೂ ಸುತ್ತ ಬಿಗಿತ ಮೊದಲೇ ಜಾಸ್ತಿ, ಅಚ್ಚಲ್ಲಿ ಎರಕ ಹೊಯ್ದಾಗಿನ ಎಳೆತವೂ ಒಳಗೆ ಉಳಿದಿರ್ತದೆ. ಹಿಡಿತ ಹೋದ ಕೂಡ್ಲೇ ಅಲ್ಲಿ ಸೀಳ್ತದೆ. ಕೆಲವು ಸಲ ಗಂಟೆಗಳಲ್ಲೇ ಸೀಳ್ತದೆ, ಕೆಲವು ಸಲ ದಿನಗಳು ಹಿಡೀತವೆ. ಹಾಕ್ದೋರಿಗೆ ಮರ್ತು ಹೋಗಿರ್ತದೆ, ಆ ಹೊತ್ತಿಗೆ ಗಾಡಿ ಯಾರ ಕೈಲಿತ್ತೋ ಅವರ ತಲೆಗೆ ಬರ್ತದೆ.

ಎಲ್ಲಾ ಪ್ಲಾಸ್ಟಿಕ್ಕೂ ಹಿಂಗೆ ಸೀಳಲ್ಲ. ಎಬಿಎಸ್, ಪಾಲಿಕಾರ್ಬನೇಟ್, ಅಕ್ರಿಲಿಕ್, ಇವು ಮೂರು ಬಹಳ ಸೂಕ್ಷ್ಮ. ಬೈಕಿನ ಹೊಳೆಯೋ ಬಣ್ಣದ ಭಾಗಗಳು ಎಷ್ಟೋ ಎಬಿಎಸ್ಸಲ್ಲೇ ಮಾಡಿರ್ತಾರೆ, ಹೆಡ್‌ಲೈಟಿನ ಗಾಜಿನಂಥ ಮುಚ್ಚಳ ಸಾಮಾನ್ಯವಾಗಿ ಪಾಲಿಕಾರ್ಬನೇಟು. ಪಿಪಿ ಅನ್ನೋ ಪಾಲಿಪ್ರೊಪಿಲೀನ್, ನಮ್ಮ ಟಿಫನ್ ಡಬ್ಬಿ ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರ್ತದಲ್ಲ ಅದು, ಇದನ್ನ ತಡ್ಕೊಳ್ತದೆ. ಅಂಟಿನ ಸೀಸೇನೂ ಅದರ ಅಕ್ಕನೋ ತಂಗಿನೋ ಆದ ಪಾಲಿಎಥಿಲೀನು. ಬೈಕಿನ ಪ್ಯಾನೆಲ್ ಬಿಚ್ಚಿದಾಗ ಒಳಮೈ ನೋಡಿ. ಎಬಿಎಸ್, ಪಿಪಿ, ಪಿಸಿ ಅಂತ ಇಂಗ್ಲಿಷಲ್ಲಿ ಸಣ್ಣಗೆ ಅಚ್ಚು ಹಾಕಿರ್ತಾರೆ. ನಮ್ಮ ಡೂಮಿನ ಒಳಗೆ ಎಬಿಎಸ್ ಅಂತ್ಲೇ ಇತ್ತು.

ಇಷ್ಟು ಬಾಯಲ್ಲಿ ಹೇಳಿದ್ರೆ ಮೈದುನ ಒಪ್ಪೋ ಪೈಕಿ ಅಲ್ಲ. "ಅತ್ತಿಗೆ, ಅಂಟು ಹಾಕಿದ್ರೆ ಗಟ್ಟಿ ಆಗ್ಬೇಕೇ ಹೊರತು ಒಡೆಯೋದೆಂಗೆ?" ಅಂದ. ಅವನು ಕೇಳಿದ್ದೂ ನ್ಯಾಯವೇ. ಹೆಂಗೂ ಡೂಮ್ ಹಾಳಾಗಿತ್ತು. ಬಿರುಕು ಇಲ್ಲದ ಕಡೆ ಒಂದು ತುಂಡು ಕತ್ತರಿಸ್ಕೊಂಡು ಎರಡು ತೂತು ಕೊರೆದು, ಎರಡಕ್ಕೂ ಒಂದೇ ತರ ಬೋಲ್ಟು ನಟ್ಟು ಹಾಕಿ ಬಿಗಿದ್ವಿ. ಒಂದಕ್ಕೆ ಅಂಟು, ಇನ್ನೊಂದಕ್ಕೆ ಇಲ್ಲ. ದೇವರ ಗೂಡಿನ ಪಕ್ಕ ಮಡಗಿದ್ವಿ. ಮಾರನೇ ದಿನ ಸಾಯಂಕಾಲ ಅಂಟು ಹಾಕಿದ ಕಡೆ ಜೇಡನ ಕಾಲು ಬಂದಿತ್ತು. ಇನ್ನೊಂದು ಹಂಗೇ ಇತ್ತು. ಮೈದುನ ಅದನ್ನ ಕೈಲಿ ಹಿಡ್ಕೊಂಡು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಮಾತಾಡಲಿಲ್ಲ. ಅತ್ತೇನೂ ಕನ್ನಡಕ ಹಾಕ್ಕೊಂಡು ನೋಡಿದ್ರು. ರಾತ್ರಿ ಊಟಕ್ಕೆ ಕೂತಾಗ ಓರಗಿತ್ತಿ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, "ನಾಳೆ ಗಾಡೀಲೇ ಹೋಗವ್ವ, ಕೀಲಿ ಮೊಳೇಲೈತೆ" ಅಂದ್ರು. ಅವಳು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಎರಡು ದಿನ ಬಸ್ಸಲ್ಲೇ ಹೋಗಿ ಆಮೇಲೆ ಗಾಡಿ ತಗೊಂಡ್ಲು. ಮನಸ್ಸಿನ ಬಿರುಕು ಅಷ್ಟು ಬೇಗ ಕೂಡಲ್ಲ.

ಈಗ ನಿಮ್ಮನೇಲೂ ಆ ಸೀಸೆ ಇದ್ರೆ ಏನು ಮಾಡ್ಬೇಕು ಅಂತ ಹೇಳ್ತೀನಿ.

ಸ್ಕ್ರೂ ಯಾವುದಕ್ಕೆ ಕಚ್ಚಿಕೊಂಡೈತೆ ಅಂತ ಮೊದಲು ನೋಡಿ. ಲೋಹದ ಬೋಲ್ಟು ಲೋಹದ ನಟ್ಟಿಗೆ, ಹತ್ರದಲ್ಲಿ ಪ್ಲಾಸ್ಟಿಕ್ಕೇ ಇಲ್ಲ, ಸೀರೆ ಗಾರ್ಡಿನ ತರ, ಅಂದ್ರೆ ನೀಲಿ ಅಂಟು ಹಾಕಬಹುದು. ಎಣ್ಣೆ, ಧೂಳು ಒರೆಸಿ, ಒಂದು ತೊಟ್ಟು ಸಾಕು. ಹೊರಗೆ ಬಂದಿದ್ದನ್ನ ಒಣ ಬಟ್ಟೇಲಿ ಕೂಡ್ಲೇ ಒರೆಸಿ. ಒಂದು ದಿನ ಗಾಡಿ ನಿಲ್ಲಿಸೋಕೆ ಆದ್ರೆ ಒಳ್ಳೇದು.

ಮಧ್ಯೆ ಪ್ಲಾಸ್ಟಿಕ್ ಐತೆ ಅಂದ್ರೆ ಅಂಟು ಬೇಡ. ಡೂಮು, ಪ್ಯಾನೆಲ್ಲು, ಮಡ್‌ಗಾರ್ಡು, ನಂಬರ್ ಪ್ಲೇಟಿನ ಪ್ಲಾಸ್ಟಿಕ್ ಚೌಕಟ್ಟು, ಮೀಟರಿನ ಸುತ್ತ, ಎಲ್ಲಾ ಈ ಲೆಕ್ಕಕ್ಕೇ. ಅಲ್ಲಿ ಸ್ಕ್ರೂ ಸಡಿಲ ಆಗ್ತಿದ್ರೆ ಬಹಳ ಸಲ ಒಳಗಿನ ರಬ್ಬರ್ ಬುಷ್ ಒಣಗಿ ಕಲ್ಲಾಗಿರ್ತದೆ, ಇಲ್ಲಾ ಬಿದ್ದೇ ಹೋಗಿರ್ತದೆ. ಹೊಸ ಬುಷ್ ಹಾಕ್ಸಿ, ಅಂಥ ದುಡ್ಡೇನಾಗಲ್ಲ. ಇಲ್ದಿದ್ರೆ ನೈಲಾನ್ ಲಾಕ್ ನಟ್ ಕೇಳಿ. ನಟ್ಟಿನ ಬಾಯಲ್ಲಿ ನೈಲಾನ್ ಬಳೆ ಇರ್ತದೆ, ಅದೇ ಬೋಲ್ಟನ್ನ ಹಿಡ್ಕೊಳ್ತದೆ, ದ್ರವ ಏನೂ ಬೇಡ. ತೀರಾ ಬಿಗೀಬೇಡಿ. ಪ್ಲಾಸ್ಟಿಕ್ಕಿಗೆ ಜಾಸ್ತಿ ಬಿಗಿತವೂ ಬಿರುಕಿಗೇ ದಾರಿ.

ಪ್ಲಾಸ್ಟಿಕ್ಕಿನ ಪಕ್ಕದಲ್ಲೇ ಲೋಹಕ್ಕೆ ಲೋಹದ ಬೋಲ್ಟು ಐತೆ, ಅಂಟು ಬೇಕೇ ಬೇಕು ಅಂದ್ರೆ ಮೊದಲು ಪ್ಲಾಸ್ಟಿಕ್ ಬಿಚ್ಚಿ ದೂರ ಮಡಗಿ. ಅಂಟು ಹಾಕಿ, ಒರೆಸಿ, ಒಂದು ದಿನ ಬಿಟ್ಟು ಆಮೇಲೆ ಕೂರಿಸಿ.

ಗೊತ್ತಿಲ್ದೆ ಮೆತ್ಕೊಂಡ್ರೆ ಒಣ ಬಟ್ಟೇಲಿ ಒರೆಸಿ, ಸ್ಕ್ರೂ ಬಿಚ್ಚಿ ತೂತಿನ ಒಳಗೂ ಒರೆಸಿ, ಆಮೇಲೆ ಸೋಪು ನೀರಲ್ಲಿ ತೊಳೀರಿ. ಪೆಟ್ರೋಲು, ಥಿನ್ನರು, ಉಗುರುಬಣ್ಣ ತೆಗೆಯೋ ದ್ರವ, ಮೂರೂ ಬೇಡ. ಅವು ತಾವೇ ಎಬಿಎಸ್ಸನ್ನ ತಿಂತವೆ. "ಲಾಕ್‌ಟೈಟ್ ಬದಲು ನೇಲ್ ಪಾಲಿಶ್ ಹಾಕು" ಅಂತ ಹೇಳೋರೂ ಅವ್ರೆ. ಉಗುರುಬಣ್ಣದಲ್ಲೂ ಅಂಥದ್ದೇ ದ್ರವ ಇರ್ತದೆ, ಪ್ಲಾಸ್ಟಿಕ್ಕಿಗೆ ಅದೂ ಆಗಲ್ಲ.

ಹೆಲ್ಮೆಟ್ಟಿಗೆ ಇದು ಯಾವುದನ್ನೂ ಹತ್ತಿರ ತರ್ಬೇಡಿ. ಅದರ ಚಿಪ್ಪು ಎಷ್ಟೋ ಸಲ ಎಬಿಎಸ್ಸು ಇಲ್ಲಾ ಪಾಲಿಕಾರ್ಬನೇಟು, ಮುಂದಿನ ಗಾಜು ಪಾಲಿಕಾರ್ಬನೇಟು. ಡೂಮ್ ಬಿರುಕು ಬಿಟ್ರೆ ದುಡ್ಡು ಹೋಗ್ತದೆ. ಹೆಲ್ಮೆಟ್ ಚಿಪ್ಪಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ರೆ ಬಿದ್ದ ದಿನ ತಲೆ ಹೋಗ್ತದೆ. ಗಾಜಿನ ಸ್ಕ್ರೂ ಸಡಿಲ ಆದ್ರೆ ಕೈಲಿ ಬಿಗೀರಿ, ಒರೆಸೋಕೆ ಸೋಪು ನೀರು ಸಾಕು.

ಅಡುಗೆ ಮನೆಗೂ ಇದನ್ನ ತರ್ಬೇಡಿ. ಕುಕ್ಕರಿನ ಹಿಡಿ ಅಲ್ಲಾಡ್ತದೆ, ಮಿಕ್ಸಿ ಜಾರಿನ ಹಿಡಿ ಅಲ್ಲಾಡ್ತದೆ ಅಂತ ಒಂದು ತೊಟ್ಟು ಹಾಕೋಣ ಅನ್ನಿಸ್ತದೆ. ಮಿಕ್ಸಿಯ ಪಾರದರ್ಶಕ ಮುಚ್ಚಳ ಬಹಳ ಸಲ ಪಾಲಿಕಾರ್ಬನೇಟು, ಸೀಳ್ತದೆ. ಕುಕ್ಕರಿನ ಕರಿ ಬೇಕಲೈಟ್ ಹಿಡಿ ಹಂಗೆ ಸೀಳದಿದ್ರೂ, ಅನ್ನ ಬೇಯೋ ಪಾತ್ರೆ ಪಕ್ಕ ಈ ಅಂಟಿಗೆ ಏನು ಕೆಲಸ?

ಕೆಂಪು ಬಣ್ಣದ ಅಂಟು ಮನೇಲಿ ಬೇಡವೇ ಬೇಡ. ಅದು ಬಿಚ್ಚಬೇಕಾದ್ರೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾಯಿಸ್ಬೇಕು. ಪೆಟ್ರೋಲ್ ಟ್ಯಾಂಕ್ ಪಕ್ಕ ಬೆಂಕಿ ಹಿಡಿಯೋ ಕೆಲಸ ಯಾರಿಗೂ ಬೇಡ. ಸೀಸೆಯ ಬಣ್ಣ ನೋಡಿ ಮೋಸ ಹೋಗ್ಬೇಡಿ, ಕೆಂಪು ಸೀಸೆಯೊಳಗೆ ನೀಲಿ ಅಂಟೂ ಬರ್ತದೆ. ಒಳಗಿನ ಅಂಟಿನ ಬಣ್ಣ, ಮೇಲಿನ ನಂಬರು ಎರಡೂ ನೋಡಿ. ಬ್ರೇಕಿನ ಬೋಲ್ಟಿಗೆ ನೀವಾಗಿ ಏನೂ ಹಾಕ್ಬೇಡಿ, ಅದು ಸರ್ವೀಸಿನೋರ ಕೆಲಸ.

ಇನ್ನೊಂದು ನಮ್ಮ ಚರ್ಮದ ಮಾತು. ಬರಿಗೈಲಿ ದಿನಾ ಮುಟ್ಟಿದ್ರೆ ಕೆಲವರಿಗೆ ನವೆ, ಗುಳ್ಳೆ ಬರ್ತದೆ. ಒಂದು ಸಲ ಮೈಗೆ ಒಗ್ಗದೆ ಹೋದ್ರೆ ಆಮೇಲೆ ಒಸಿ ತಾಗಿದ್ರೂ ಬರ್ತದೆ. ಲೈನಲ್ಲಿರೋ ಹೆಣ್ಮಕ್ಕಳು ಕೈಗವಸು ಕೇಳಿ ಇಸ್ಕೊಳ್ಳಿ, ನಾಚ್ಕೋಬೇಡಿ. ಬುತ್ತಿ ಬಿಚ್ಚೋ ಮುಂಚೆ ಸೋಪು ಹಾಕಿ ಕೈ ತೊಳೀರಿ. ಕಣ್ಣಿಗೆ ಬಿದ್ರೆ ಉಜ್ಜದೆ ನೀರು ಹಾಕ್ತಾ ಹಾಕ್ತಾ ಆಸ್ಪತ್ರೆಗೆ ಹೋಗಿ.

ನಮ್ಮನೇ ಸೀಸೆ ಈಗ ಅಟ್ಟದ ಮೇಲೆ ಮಕ್ಕಳ ಕೈಗೆ ಸಿಗದ ಡಬ್ಬೀಲಿ ಐತೆ. ಡಬ್ಬಿ ಮೇಲೆ ಓರಗಿತ್ತಿ ತನ್ನ ಕೈಯಾರೆ "ಕಬ್ಬಿಣಕ್ಕೆ ಮಾತ್ರ" ಅಂತ ಬರೆದು ಅಂಟಿಸವ್ಳೆ. ನಿಮ್ಮನೆ ಗಾಡೀಲೂ ಯಾವತ್ತಾರ ಬಿರುಕು ಕಂಡ್ರೆ, ಯಾರು ಬೀಳಿಸಿದ್ರು ಅಂತ ಕೇಳೋ ಮುಂಚೆ ಸ್ಕ್ರೂ ತೂತಿನ ಸುತ್ತ ಒಂದು ಸಲ ಟಾರ್ಚ್ ಹಾಕಿ ನೋಡಿ.